ಅಧ್ಯಕ್ಷರ ತಾಟು

ತಾನು ಮಾಡಿದ ಅಡಿಗೆಯನ್ನು ತಾನು ಉಣ್ಣದವರನ್ನು ನಾನು ನಂಬುವುದಿಲ್ಲ. ಇದೇನು ವೇದಾಂತವಲ್ಲ, ಬೈಲಹೊಂಗಲದ ಒಂದು ಮದುವೆಯಲ್ಲಿ ಹೊಟ್ಟೆ ಕೆಡಿಸಿಕೊಂಡು ಕಲಿತದ್ದು. ಅಲ್ಲಿ ಊರಿಗೆಲ್ಲ ಅಡಿಗೆ ಮಾಡಿದ ಮಹಾನುಭಾವ, ಪಂಕ್ತಿ ಮುಗಿದ ಮೇಲೆ ಮಂಟಪದ ಹಿಂದೆ ಕುಳಿತು ಮನೆಯಿಂದ ತಂದ ರೊಟ್ಟಿಗಂಟು ಬಿಚ್ಚಿದ. "ಯಾಕಪಾ, ನಿನ್ನ ಸಾರು ನಿನಗ ಸೇರಂಗಿಲ್ಲೇನು?" ಎಂದೆ. "ನನಗ ಬ್ಯಾರೇದವರ ಕೈಯಿಂದು ಆಗಿಬರಂಗಿಲ್ರಿ ಅಮ್ಮಾರ" ಎಂದ. ಬೇರೆಯವರ ಕೈ ಯಾವುದು? ಆ ಸಾರಿನಲ್ಲಿ ಆಡಿದ್ದು ಅವನದೇ ಕೈ. ಎರಡು ತಾಸಿನ ಮೇಲೆ ಬೀಗರು ಬಿಜ್ಜರೆನ್ನದೆ ಎಲ್ಲರೂ ತಂಬಿಗೆ ಹಿಡಿದು ಹೊಲದ ಕಡೆ ಓಡುವಾಗ ಅವನ ಮಾತಿನ ಅರ್ಥ ಆಯಿತು. ಆಗಲೇ ನಿಶ್ಚಯ ಮಾಡಿದೆ: ಯಾರೇ ಏನೇ ಬಡಿಸಲಿ, ಮೊದಲು ಅವರ ತಾಟು ಎಲ್ಲಿದೆ ಎಂದು ನೋಡಬೇಕು.

ಈ ಬುದ್ಧಿಯಿಂದಲೇ ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷಳಾದದ್ದು. ಊರಿನ ಹೆಸರು ಬರೆಯುವುದಿಲ್ಲ, ರಾಮದುರ್ಗ ತಾಲ್ಲೂಕು ಎಂದಷ್ಟೇ ತಿಳಿಯಿರಿ. ಹೆಸರು ಬರೆದರೆ ನಾಳೆ ಗಿರಣಿಯ ಮುಂದೆ ಹಿಟ್ಟಿನ ಬುಟ್ಟಿಗಿಂತ ಹೆಚ್ಚು ಜನ ನನ್ನನ್ನು ಬೈಯಲು ಸಾಲು ನಿಲ್ಲುತ್ತಾರೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಲ್ಲಿಗೆ ನನ್ನಪ್ಪ ನನ್ನನ್ನು ಶಾಲೆ ಬಿಡಿಸಿ ಎಮ್ಮೆಯ ಹಿಂದೆ ಕಳಿಸಿದ. ಎಮ್ಮೆ ನನಗೆ ಕಲಿಸಿದ್ದು ಕಡಿಮೆಯೇನಲ್ಲ, ಆದರೆ ಅದರ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ. ಎಸ್‌ಡಿಎಂಸಿ ಎಂದರೆ ಶಾಲೆಯ ಮೇಲ್ವಿಚಾರಣೆಗೆ ಪಾಲಕರೇ ಸೇರಿ ಮಾಡಿಕೊಳ್ಳುವ ಸಮಿತಿ. ಅದರಲ್ಲಿ ಕೂರಬೇಕಾದರೆ ನಿಮ್ಮ ಮನೆಯ ಕೂಸು ಆ ಶಾಲೆಯಲ್ಲಿ ಕಲಿಯಬೇಕು. ನನ್ನ ಮಗಳು ಗೀತಾ ಸವದತ್ತಿಯಲ್ಲಿ ನರ್ಸು, ಅಳಿಯ ಬಸ್ ಕಂಡಕ್ಟರ್. ಇಬ್ಬರದೂ ಪಾಳಿಯ ಕೆಲಸ. ಒಬ್ಬರು ಮನೆಗೆ ಬರುವಾಗ ಇನ್ನೊಬ್ಬರು ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾರೆ. ಹಾಗಾಗಿ ಮೊಮ್ಮಗಳು ಶ್ರಾವಣಿ ನನ್ನ ಹತ್ತಿರ. ಶಾಲೆಯ ದಾಖಲೆಯಲ್ಲಿ ಅವಳ ಪಾಲಕಿ ನಾನು. ನನ್ನನ್ನು ಆಯಿ ಎನ್ನುತ್ತಾಳೆ, ಸಿಟ್ಟು ಬಂದರೆ ನೀಲವ್ವ ಎನ್ನುತ್ತಾಳೆ.

ನನಗಿಂತ ಮೊದಲು ಅಧ್ಯಕ್ಷನಾಗಿದ್ದವನು ರುದ್ರಗೌಡ. ರಾಮದುರ್ಗದಲ್ಲಿ ಗೊಬ್ಬರದ ಅಂಗಡಿ, ಮೈಮೇಲೆ ಇಸ್ತ್ರಿ ಅಂಗಿ, ಕಣ್ಣು ಪಂಚಾಯತಿ ಚುನಾವಣೆಯ ಮೇಲೆ. ಅವನ ಮಗನ ಹೆಸರು ನಮ್ಮ ಶಾಲೆಯ ಹಾಜರಿಯಲ್ಲಿತ್ತು, ಮಗ ಮಾತ್ರ ಟೈ ಕಟ್ಟಿಕೊಂಡು ದಿನಾ ಮುಂಜಾನೆ ಹಳದಿ ಬಸ್ಸು ಹತ್ತಿ ರಾಮದುರ್ಗದ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ. ಒಂದೇ ಹುಡುಗ ಎರಡು ಕಡೆ ಹೇಗೆ ಕಲಿಯುತ್ತಾನೆಂಬುದು ನನ್ನ ಮೂರನೇ ಇಯತ್ತೆಗೆ ನಿಲುಕುವ ವಿಷಯವಲ್ಲ. ಊರಿಗೆಲ್ಲ ಗೊತ್ತಿತ್ತು, ಯಾರೂ ಅನ್ನುತ್ತಿರಲಿಲ್ಲ. ನಾನೂ ಅನ್ನುತ್ತಿರಲಿಲ್ಲ, ಆದರೆ ಆ ಮಳೆಗಾಲದಲ್ಲಿ ಶಾಲೆಯ ಹಂಚು ಸೋರಿ ಶ್ರಾವಣಿ ದಿನಾ ಹಸಿ ಲಂಗದಲ್ಲಿ ಮನೆಗೆ ಬರತೊಡಗಿದಳು. ಗೌಡನಿಗೆ ಹೇಳಿದರೆ, "ಮಾಡೂಣಂತ ಬಿಡ್ರಿ ನೀಲಕ್ಕ, ಅರ್ಜಿ ಕೊಟ್ಟೇನಿ" ಎನ್ನುತ್ತಿದ್ದ. ಮಾಡೋಣಂತ ಎನ್ನುವುದು ಅವನಿಗೆ ಸುಲಭವೇ. ಅವನ ಮಗ ಬೆಂಚಿನ ಮೇಲೆ ಕುಳಿತಿದ್ದ, ಇನ್ನೊಂದು ಊರಿನಲ್ಲಿ.

ಮತ್ತೆ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಲು ಪಾಲಕರ ಸಭೆ ಕರೆದರು. ಹೆಡ್ ಮಾಸ್ತರರು ಹಾರ ತರಿಸಿ ಇಟ್ಟಿದ್ದರು. ನಾನು ಎದ್ದು ಅಡಿಗೆ ಕೋಣೆಗೆ ಹೋಗಿ, ಮಧ್ಯಾಹ್ನದ ಊಟಕ್ಕೆಂದು ಮಕ್ಕಳು ಮನೆಯಿಂದ ತಂದು ಅಲ್ಲೇ ಇಡುವ ತಾಟುಗಳ ರಾಶಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಹಾರದ ಪಕ್ಕದಲ್ಲಿ ಧಡಲ್ ಎಂದು ಇಟ್ಟೆ. "ಹಾಜರಿ ಪುಸ್ತಕ ಸಾಕ್ರಿ. ಈಗ ತಾಟಿನ ಹಾಜರಿ ತಗೊಳ್ಳೂಣು" ಎಂದೆ. ಆದರೆ ಒಂದು ಸಂಗತಿಯನ್ನು ನಾನು ಮುಂದಾಗಿ ವಿಚಾರ ಮಾಡಿರಲಿಲ್ಲ. ನಮ್ಮ ಕಡೆ ಮನೆಯಲ್ಲಿರುವ ತಾಟುಗಳೆಲ್ಲ ಯಾರದೋ ಮದುವೆಯಲ್ಲಿ ಉಡುಗೊರೆಯಾಗಿ ಆಯೇರಿ ಬಂದವು, ಅವುಗಳ ಮೇಲಿರುವುದು ಕೊಟ್ಟವರ ಹೆಸರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: "ಕಾಕಾ ಬಸಲಿಂಗಪ್ಪ." "ದಿವಂಗತ ಫಕೀರಪ್ಪನವರ ಸ್ಮರಣಾರ್ಥ." ತಾಟಿನ ಲೆಕ್ಕ ಹಿಡಿದರೆ ನಮ್ಮ ಶಾಲೆಯ ಅರ್ಧ ವಿದ್ಯಾರ್ಥಿಗಳು ಸ್ವರ್ಗಸ್ಥರು. ಜನ ಬಿದ್ದು ಬಿದ್ದು ನಗತೊಡಗಿದರು. ನನ್ನ ಮಾನ ಉಳಿಸಿದವಳು ಅಡಿಗೆಯ ಗಂಗವ್ವ. ಬಾಗಿಲಲ್ಲಿ ನಿಂತವಳು ಒಳಗೆ ಬಂದು, "ನನಗ ಓದಾಕ ಬರಂಗಿಲ್ಲ, ಆದ್ರ ತಾಟು ಯಾರದ್ದು ಅಂತ ಗೊತ್ತೈತಿ. ದಿನಾ ಬಡಸೂದು ನಾನು" ಎಂದು ಒಂದೊಂದೇ ಎತ್ತಿ ಹೇಳಿದಳು. ಫಕೀರಪ್ಪ ಎಂದರೆ ಕುಂಬಾರರ ಕಿರಿಯ ಹುಡುಗಿ. ಬಸಲಿಂಗಪ್ಪ ಎಂದರೆ ಮಾದೇವನ ಮಗ. ನನ್ನ ಮದುವೆಯಲ್ಲಿ ತವರಿನವರು ನನ್ನ ಹೆಸರು ಕೊರೆಸಿ ಕೊಟ್ಟ, ಅಂಚು ಸೊಟ್ಟಾದ ದಪ್ಪ ತಾಟು ಶ್ರಾವಣಿಯದು. ರಾಶಿ ಮುಗಿಯಿತು. "ಗೌಡರ ಮಗಂದು?" ಎಂದೆ. "ಆ ಹುಡುಗನ ಮಾರಿನ ನಾ ನೋಡಿಲ್ಲ" ಎಂದಳು ಗಂಗವ್ವ.

ಗೌಡ ಕೆಮ್ಮಿದ. "ನಮ್ಮ ಹುಡುಗ ಮನಿಗೆ ಬಂದು ಉಣತಾನ್ರಿ."

"ಹೌದಪಾ, ರಾಮದುರ್ಗದಿಂದ ದಿನಾ ಉಣ್ಣಾಕ ಬಂದು ಹೊಳ್ಳಿ ಹೊಕ್ಕಾನೇನು? ಬಸ್ಸಿನ ಡ್ರೈವರಗೂ ನಿಮ್ಮ ಮನ್ಯಾಗನ ಊಟನು?"

ಅಷ್ಟೇ. ತರಿಸಿಟ್ಟ ಹಾರ ಹಾಳಾಗಬಾರದೆಂದು ನನ್ನ ಕೊರಳಿಗೆ ಹಾಕಿದರು.

ಕುರ್ಚಿಯ ಮೇಲೆ ಆಸೆಯಿಲ್ಲ ಎನ್ನುವವರು ಸುಳ್ಳರು, ಇಲ್ಲವೇ ಅವರಿಗೆ ಕೈ ಇರುವ ಕುರ್ಚಿ ಸಿಕ್ಕಿಲ್ಲ. ನಮ್ಮ ಶಾಲೆಯಲ್ಲಿ ಕೈ ಇರುವ ಕುರ್ಚಿ ಎರಡೇ, ಒಂದು ಹೆಡ್ ಮಾಸ್ತರರದು, ಇನ್ನೊಂದು ನನ್ನದು. ಅದರ ಮೇಲೆ ಕೂತು ನಾನು ಹಂಚು ಹೊದಿಸಿದೆ, ಹೆಣ್ಣುಮಕ್ಕಳ ಸಂಡಾಸಿಗೆ ಚಿಲಕ ಹಾಕಿಸಿದೆ, ನುಸಿ ಹಿಡಿದ ಬೇಳೆಯನ್ನು ತಾಲ್ಲೂಕು ಕಚೇರಿಗೆ ಒಯ್ದು ಸಾಹೇಬರ ಮೇಜಿನ ಮೇಲೆ ಸುರಿದು ಬಂದೆ. ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸುವ ಹಗ್ಗವನ್ನು ಜಗ್ಗುವುದು ಹೇಗೆಂದು ಮನೆಯಲ್ಲಿ ಬಾವಿಯ ಹಗ್ಗ ಹಿಡಿದು ರೂಢಿ ಮಾಡಿದೆ. ಆದರೂ ಅಂದು ಗಂಟು ಬಿಚ್ಚಲಿಲ್ಲ. ಬಾವಿಯಿಂದ ಕೊಡ ಎಳೆದಂತೆ ಎಳೆದಾಗ ಧ್ವಜ ಬಿಚ್ಚಿಕೊಂಡು, ಹೂವೆಲ್ಲ ಒಂದೇ ಮುದ್ದೆಯಾಗಿ ಹೆಡ್ ಮಾಸ್ತರರ ಬೋಳು ತಲೆಯ ಮೇಲೆ ಬಿತ್ತು. ಅವರು ಸೆಲ್ಯೂಟ್ ಬಿಡಲಿಲ್ಲ. ಅಂಥ ಶಿಸ್ತಿನ ಮನುಷ್ಯ. ಅವರ ಮಕ್ಕಳಿಬ್ಬರೂ ಅದೇ ಹಳದಿ ಬಸ್ಸಿನವರು. ಒಂದು ದಿನ ಕೇಳಿಯೇ ಬಿಟ್ಟೆ, "ಮಾಸ್ತರ, ನಿಮ್ಮ ತಾಟು ಎಲ್ಲೈತ್ರಿ?" ಅವರು ನಕ್ಕು, "ಅಧ್ಯಕ್ಷರೇ, ಸದಸ್ಯರ ಮಕ್ಕಳು ಇರಬೇಕಂತ ನಿಯಮ ಐತಿ. ಮಾಸ್ತರರ ಮಕ್ಕಳು ಇರಬೇಕಂತ ಎಲ್ಲೂ ಬರದಿಲ್ಲ" ಎಂದರು. "ನಿಯಮ ಬರದವರ ಮಕ್ಕಳು ಎಲ್ಲಿ ಕಲಿತಾರ್ರಿ?" ಎಂದೆ. "ಅದನ್ನೂ ಬರದಿಲ್ಲ" ಎಂದರು.

ಹೀಗೆ ಕಂಡಕಂಡವರ ತಾಟು ಕೇಳುತ್ತಾ ಮೆರೆಯುತ್ತಿದ್ದೆ. ಬೇಸಿಗೆಯ ಹೊತ್ತಿಗೆ ಒಂದು ರವಿವಾರ ಗೀತಾ ಬಂದಳು. ಬಂದವಳು ಚೀಲ ಇಳಿಸದೆ, "ಅವ್ವಾ, ಜೂನದಾಗ ಶ್ರಾವಣೀನ ರಾಮದುರ್ಗದ ಇಂಗ್ಲಿಷ್ ಸಾಲಿಗೆ ಹಾಕತೇನಿ" ಎಂದಳು. ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಕನ್ನಡ ಎಂದೆ, ನಮ್ಮೂರು ಎಂದೆ, ಬಸ್ಸಿನಲ್ಲಿ ಕೂಸಿಗೆ ವಾಂತಿ ಬರುತ್ತದೆ ಎಂದೆ, ಸರ್ಕಾರಿ ಶಾಲೆ ಬಡವರ ಉಸಿರು ಎಂದೂ ಅಂದೆ. ಅದನ್ನು ಯಾರದೋ ಭಾಷಣದಲ್ಲಿ ಕೇಳಿದ್ದೆ. ಅವಳು ಎಲ್ಲ ಕೇಳಿಸಿಕೊಂಡು, "ಅವ್ವಾ, ನಿನಗ ಹುಡುಗಿ ಚಿಂತಿ ಇಲ್ಲ, ಕುರ್ಚಿ ಚಿಂತಿ" ಎಂದಳು. ನಾನು ಅವಳನ್ನು ಹೊರಗೆ ಹಾಕಲಿಲ್ಲ, ಪಲ್ಯಕ್ಕೆ ಖಾರ ಹೆಚ್ಚು ಹಾಕಿದೆ ಅಷ್ಟೇ.

ಮಗಳು ಊರಿಗೆ ಹೋದ ಮೇಲೆ, ನಮ್ಮ ಶಾಲೆ ಎಷ್ಟು ಚೆನ್ನಾಗಿದೆ ಎಂದು ಮುಂದಿನ ಸಲ ಬಂದಾಗ ಅವಳಿಗೆ ತೋರಿಸಲೆಂದೇ ಶ್ರಾವಣಿಯ ಲೆಕ್ಕದ ನೋಟುಬುಕ್ಕು ತೆರೆದೆ. ಪುಟ ತುಂಬ ಕೆಂಪು ಶಾಯಿಯ ರೈಟು. ಎದೆ ಉಬ್ಬಿತು. ಆಮೇಲೆ ಒಂದು ಕಡೆ ಕಣ್ಣು ನಿಂತಿತು. ಏಳೆಂಟಲೆ ಐವತ್ನಾಲ್ಕು, ಅದಕ್ಕೂ ರೈಟು. ನಾನು ಬೇರೆ ಏನು ಮರೆತರೂ ಮಗ್ಗಿ ಮರೆತವಳಲ್ಲ. ಹಿಂದಿನ ಪುಟ ತಿರುವಿದೆ. ಆರೊಂಬತ್ತಲೆ ನಲವತ್ತೆಂಟು, ಅದಕ್ಕೂ ರೈಟು, ಪಕ್ಕದಲ್ಲಿ ಒಂದು ನಕ್ಷತ್ರ ಬೇರೆ. "ಇದೇನವಾ?" ಎಂದೆ. ಶ್ರಾವಣಿ ಪೇರಲ ಹಣ್ಣು ಕಚ್ಚುತ್ತಾ, "ಆಯಿ, ನೀ ಅಧ್ಯಕ್ಷಳು ಆದಾಗಿಂದ ನನಗ ತಪ್ಪ ಹಾಕೂದ ಬಿಟ್ಟಾರ. ನಾ ಏನ ಬರದ್ರೂ ರೈಟ" ಎಂದಳು. "ಮತ್ತ ನೀ ಯಾಕ ಹೇಳಲಿಲ್ಲ?" ಎಂದೆ. "ಛಲೋನ ಆತಲ್ಲ!" ಎಂದಳು.

ಮರುದಿನ ನೋಟುಬುಕ್ಕು ಹಿಡಿದು ಅವಳಿಗೆ ಲೆಕ್ಕ ಕಲಿಸುವ ಅಕ್ಕೋರ ಹತ್ತಿರ ಹೋದೆ. ಒಳ್ಳೆಯ ಹುಡುಗಿ, ಒಂದೇ ಕೋಣೆಯಲ್ಲಿ ಮೂರು ಇಯತ್ತೆ ಹಿಡಿದುಕೊಂಡು ಒದ್ದಾಡುವವಳು. ನೆಲ ನೋಡುತ್ತಾ ಹೇಳಿದಳು, "ತಪ್ಪು ಹಾಕಿದ್ರ ನೀವು ತಾಟು ತಗೊಂಡು ಬಂದೀರಿ ಅಂತ ಅಂಜಿಕ್ರಿ ಅಮ್ಮಾರ." ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾಟು ಹಿಡಿದು ಊರನ್ನೆಲ್ಲ ಅಂಜಿಸಿದವಳಿಗೆ, ಅಂಜಿದವರು ಏನು ಮಾಡುತ್ತಾರೆಂಬುದು ಹೊಳೆದೇ ಇರಲಿಲ್ಲ. ಸಮಿತಿಯವರ ಮಕ್ಕಳು ಅದೇ ಶಾಲೆಯಲ್ಲಿ ಇರಬೇಕು, ಈಗಲೂ ಅದೇ ಮಾತು ಹೇಳುತ್ತೇನೆ. ಆದರೆ ಯಾರ ಕೂಸು ಯಾವುದು ಎಂದು ಮಾಸ್ತರರಿಗೆ ಗೊತ್ತಾಗದಂತೆ ಶಾಲೆಯ ಮಕ್ಕಳೆಲ್ಲರ ಮುಖಕ್ಕೂ ಓಕುಳಿ ಬಳಿದು ಕಳಿಸಬೇಕು. ಇದನ್ನು ಮುಂದಿನ ಸಭೆಯಲ್ಲಿ ಠರಾವು ಮಾಡಿಸಬೇಕೆಂದೂ ಒಂದು ಕ್ಷಣ ಅನಿಸಿತು.

ಸಂಜೆ ಗೀತಾಳಿಗೆ ಫೋನ್ ಮಾಡಿ, "ಹಾಕವಾ, ಎಲ್ಲಿ ಬೇಕೋ ಅಲ್ಲಿ ಹಾಕು" ಎಂದೆ. ಅವಳಿಗೆ ಗಾಬರಿಯಾಗಿ, "ಅವ್ವಾ, ಆರಾಮ ಅದೀ ಇಲ್ಲೋ? ಬಿಪಿ ತೋರಿಸಿದೇನು?" ಎಂದು ಕೇಳಿದಳು. ಅಜ್ಜಿ ಮೊಮ್ಮಗಳ ಸಲುವಾಗಿ ಮನಸ್ಸು ದೊಡ್ಡದು ಮಾಡಿದಳು ಎಂದು ನೀವು ತಿಳಿದರೆ ನನಗೇನೂ ಅಡ್ಡಿಯಿಲ್ಲ. ಆದರೆ ಖರೆ ಹೇಳುತ್ತೇನೆ. ಇನ್ನೊಂದು ದಾರಿಯೂ ಇತ್ತು. ನಾನು ಕುರ್ಚಿ ಬಿಟ್ಟಿದ್ದರೆ ಅಕ್ಕೋರ ಅಂಜಿಕೆ ಹೋಗುತ್ತಿತ್ತು, ಹುಡುಗಿಗೆ ತಪ್ಪು ಬೀಳುತ್ತಿತ್ತು, ಶಾಲೆ ಬಿಡುವ ಕಾರಣವೇ ಇರುತ್ತಿರಲಿಲ್ಲ. ಅದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಕುರ್ಚಿಗೆ ಕೈ ಇದ್ದವು, ಏನು ಮಾಡಲಿ?

ಜೂನಿನಲ್ಲಿ ಶ್ರಾವಣಿ ಟೈ ಕಟ್ಟಿಕೊಂಡು ಹಳದಿ ಬಸ್ಸು ಹತ್ತಿದಳು. ಅವಳ ತಾಟನ್ನು ನಾನು ಮನೆಗೆ ತರಲಿಲ್ಲ. ರಾಶಿಯಲ್ಲಿ ಅದೂ ಇರಲಿ, ಯಾರಾದರೂ ಎಣಿಸಲು ಬಂದರೆ ಸಿಗಲಿ ಎಂದು ಅಲ್ಲೇ ಬಿಟ್ಟೆ. ಹಾಜರಿಯಲ್ಲಿ ಅವಳ ಹೆಸರು ಹೊಡೆದುಹಾಕುವುದನ್ನು ಹೆಡ್ ಮಾಸ್ತರರು ಮರೆತರು. ನಾನು ನೆನಪು ಮಾಡಲಿಲ್ಲ. ನನ್ನನ್ನು ಎದುರು ಹಾಕಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ, ಅವರ ಬೋಳು ತಲೆಗೆ ಹೂವಿನ ನೆನಪು ಇನ್ನೂ ಇತ್ತು.

ಆಗಸ್ಟ್ ಹದಿನೈದರ ತಯಾರಿಗೆ ಸಭೆ ಸೇರಿತು. ನಾನು ಎರಡೂ ಕೈಯನ್ನು ಕುರ್ಚಿಯ ಕೈಗಳ ಮೇಲೆ ಇಟ್ಟು ಕೂತಿದ್ದೆ. ಪಾಲಕರ ಸಾಲಿನಲ್ಲಿ ರುದ್ರಗೌಡ! ಅವನ ತೊಡೆಯ ಮೇಲೆ ಥಳಥಳಿಸುವ ಹೊಸ ತಾಟು. ಜೂನಿನಲ್ಲಿ ತನ್ನ ಮಗಳನ್ನು ನಮ್ಮ ಶಾಲೆಗೆ ಒಂದನೇ ಇಯತ್ತೆಗೆ ಸೇರಿಸಿದ್ದ. ಮಗನನ್ನಲ್ಲ, ಮಗಳನ್ನು, ಆ ಬುದ್ಧಿಗೆ ನಾನೇನು ಅನ್ನುತ್ತೇನೆಂಬುದು ಅವನಿಗೂ ಗೊತ್ತಿದೆ. ಕುರ್ಚಿಯ ಸಲುವಾಗಿಯೇ ಸೇರಿಸಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹುಡುಗಿ ದಿನಾ ಬರುತ್ತದೆ, ಉಣ್ಣುತ್ತದೆ, ನೆಲದ ಮೇಲೆ ಕೂರುತ್ತದೆ. "ಓದಿ ನೋಡ್ರಿ ನೀಲಕ್ಕ" ಎಂದು ತಾಟನ್ನು ನನ್ನ ಮುಂದೆ ಹಿಡಿದ. ಮಗಳದೇ ಹೆಸರು, ದೊಡ್ಡ ಅಕ್ಷರದಲ್ಲಿ. ಅಂಗಡಿಗೆ ಹೋಗಿ ಖುದ್ದು ಕೊರೆಸಿಕೊಂಡು ಬಂದಿದ್ದ. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಗಂಗವ್ವ ಅಡಿಗೆ ಕೋಣೆಯಿಂದ ಬಂದಳು. ಕೈಯಲ್ಲಿ ಅಂಚು ಸೊಟ್ಟಾದ ದಪ್ಪ ತಾಟು.

"ನೀಲಕ್ಕ, ಇದು ಎರಡ ತಿಂಗಳಾತು, ಒಣಗೇ ಐತಿ. ನನಗೂ ದಿನಾ ಧೂಳ ಒರಸಿ ಒರಸಿ ಸಾಕಾತು. ಮನಿಗರೆ ಒಯ್ಯಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳ ತೆಗೆಯಬಹುದಿತ್ತು. ಗೌಡ ಆ ತಾಟನ್ನು ಈಸಿಕೊಂಡು ತಿರುವಿ ನೋಡಿ, "ನೀಲವ್ವ ಅಂತೈತಿ. ತಾಟಿನ ಹಾಜರಿ ಪ್ರಕಾರ ಸಾಲಿಗೆ ನೀವ ಬರಬೇಕಾತಲ್ರಿ ಅಕ್ಕಾರ" ಎಂದ, ಬಹಳ ಮರ್ಯಾದೆಯಿಂದ. ಮರ್ಯಾದೆಯಿಂದ ಅಂದದ್ದೇ ಹೆಚ್ಚು ಉರಿಯಿತು. ಕುರ್ಚಿ ಬಿಟ್ಟು ಎದ್ದೆ. ಹಾರ ಈ ಸಲವೂ ಮೊದಲೇ ತರಿಸಿಟ್ಟಿದ್ದರು, ಹೆಡ್ ಮಾಸ್ತರರ ಡ್ರಾಯರಿನಲ್ಲಿತ್ತು. ಹೋಗುವ ಮುಂಚೆ ಗೌಡನಿಗೆ ಒಂದೇ ಮಾತು ಹೇಳಿದೆ, "ನಿನ್ನ ಮಗಳ ಲೆಕ್ಕದ ನೋಟುಬುಕ್ಕು ವಾರಕ್ಕೊಮ್ಮೆ ತಗದು ನೋಡು. ಎಲ್ಲಾ ರೈಟ ಇದ್ರ ಕುರ್ಚಿ ಬಿಡು." ಅವನಿಗೆ ತಿಳಿಯಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಅಕ್ಕೋರಿಗೆ ತಿಳಿಯಿತು.

ತಾಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಗೆ ಬಂದೆ. ಕಟ್ಟೆಯ ಮೇಲೆ ಕೂತಿರುವಾಗ ಹಳದಿ ಬಸ್ಸು ನಿಂತಿತು. ಶ್ರಾವಣಿ ಇಳಿದು ಬಂದವಳೇ ನೋಟುಬುಕ್ಕು ತೆರೆದು, "ಆಯಿ, ನೋಡಿಲ್ಲೆ, ನಾಲ್ಕ ತಪ್ಪ ಹಾಕ್ಯಾರ!" ಎಂದಳು, ದೂರು ಹೇಳುವಂತೆ. ಆಮೇಲೆ ನನ್ನ ಸೆರಗಿನಿಂದ ಹೊರಗೆ ಇಣುಕುತ್ತಿದ್ದ ತಾಟನ್ನು ಕಂಡಳು.

"ಆಯಿ, ನಿನ್ನೂ ಸಾಲಿ ಬಿಡಿಸಿದ್ರೇನು?"

"ಹೂಂವಾ" ಎಂದೆ. ಮೊದಲ ಸಲ ಬಿಡಿಸಿದಾಗ ನನ್ನದೇನೂ ತಪ್ಪಿರಲಿಲ್ಲ.

ಒಳಗೆ ಹೋಗಿ ಅದೇ ತಾಟನ್ನು ತೊಳೆದು ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಂಡು ಕೂತೆ. ಮುಂಜಾನೆ ಸಭೆಯ ಗಡಿಬಿಡಿಯಲ್ಲಿ ಮಾಡಿದ ಪಲ್ಯ, ಉಪ್ಪು ಎರಡು ಸಲ ಬಿದ್ದಿತ್ತು. ಶ್ರಾವಣಿ ಒಂದು ತುತ್ತು ಬಾಯಿಗಿಟ್ಟು ಬಿಸ್ಕಿಟಿನ ಡಬ್ಬಿಯ ಕಡೆ ನಡೆದಳು. ನನಗೂ ಆ ಕಡೆ ಕಣ್ಣು ಹೋಯಿತು. ಆದರೆ ಬೈಲಹೊಂಗಲದ ಆ ಅಡಿಗೆಯವನನ್ನು ಇಷ್ಟು ವರ್ಷ ಬೈದ ಬಾಯಿ ಇದು. ಮಾತಾಡದೆ ಅದೇ ಪಲ್ಯ ಉಂಡೆ. ಆಮೇಲೆ ಎರಡು ತಂಬಿಗೆ ನೀರು ಕುಡಿದೆ.