ಹೆದರಿಸಲು ನಿಂತ ಜಪಾನಿ ದೆವ್ವ

ಸೌದಿಯ ರಾಬಿಗ್‌ನ ಕಂಪನಿ ಕ್ವಾರ್ಟರ್ಸಿನಲ್ಲಿ ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಂದು ಬಾಗಿಲು ತಟ್ಟುತ್ತದೆ. ಈ ಬೇಸಿಗೆಯಲ್ಲಿ ತಟ್ಟಿದವರು ಪಕ್ಕದ ಮನೆಯ ಜಪಾನಿ ಎಂಜಿನಿಯರು.

೧. ಮಕ್ಕಳು ಕಡ ಬೇಕು

"ನಿಮ್ಮ ಮಕ್ಕಳನ್ನು ಒಂದು ಸಂಜೆಗೆ ಕಡ ಕೊಡ್ತೀರಾ?" ಎಂದು ಕೇಳಿದರು. ಅವರ ಹಳ್ಳಿಯಲ್ಲಿ ಬೇಸಿಗೆಯ ಒಂದು ರಾತ್ರಿ ಮಕ್ಕಳೆಲ್ಲ ಸೇರುತ್ತಿದ್ದರಂತೆ. ಕಲ್ಲಂಗಡಿ ಒಡೆಯುವುದು, ಆಮೇಲೆ ಕತ್ತಲಲ್ಲಿ ಒಬ್ಬೊಬ್ಬರೇ ನಡೆದು ಧೈರ್ಯ ತೋರಿಸುವುದು. ದಾರಿಯಲ್ಲಿ ದೊಡ್ಡವರು ದೆವ್ವಗಳಾಗಿ ಅಡಗಿರುತ್ತಾರೆ. ಈಗ ಹಳ್ಳಿಯಲ್ಲಿ ಮುದುಕರಷ್ಟೇ ಉಳಿದು ಕೂಟ ನಿಂತುಹೋಗಿದೆ. "ದೆವ್ವ ಆಗುವವರು ಬೇಕಾದಷ್ಟಿದ್ದಾರೆ, ಹೆದರಲು ಒಂದು ಮಗುವೂ ಇಲ್ಲ," ಎಂದರು.

ನಮಗೆ ಈ ಸಲ ಊರಿಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಮಕ್ಕಳು ಅಜ್ಜಿಮನೆ ಅಜ್ಜಿಮನೆ ಎನ್ನುತ್ತ ಏಸಿಯ ಕೆಳಗೆ ಬಿದ್ದುಕೊಂಡಿದ್ದವು.

ಹೆಂಡತಿ ಒಳಗಿಂದಲೇ ಹೇಳಿದಳು: "ಒಂದು ಸಂಜೆ ಯಾಕೆ? ಶಾಲೆ ಶುರುವಾಗುವವರೆಗೂ ಇಟ್ಕೊಳ್ಳಲಿ ಹೇಳಿ."

೨. ಕೋಳಿಯ ಎರಡನೇ ಸಾವು

ರಾತ್ರಿಯ ಇಶಾ ನಮಾಜ್ ಮುಗಿದ ಮೇಲೆ ನೆರೆಮನೆಗಳ ಮಕ್ಕಳನ್ನೂ ಕರೆದುಕೊಂಡು ಮೈದಾನದಲ್ಲಿ ಸೇರಿದೆವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಕಲ್ಲಂಗಡಿ ಒಡೆಯಬೇಕು, ಉಳಿದವರು ದಾರಿ ಹೇಳಬೇಕು. ಮೊದಲು ಎಂಜಿನಿಯರೇ ಹೊರಟರು. ಮಕ್ಕಳು ತುಳು, ಬ್ಯಾರಿ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಕೂಗಿದವು. ಶಿಸ್ತಿನ ಮನುಷ್ಯ, ಎಲ್ಲರ ಮಾತನ್ನೂ ಪಾಲಿಸುತ್ತ ಹೋಗಿ ಸುಟ್ಟ ಕೋಳಿಯ ತಟ್ಟೆಗೆ ಬಲವಾಗಿ ಬಾರಿಸಿದರು.

ಕೋಳಿ ತಂದಿದ್ದ ನಮ್ಮ ಬ್ಯಾರಿ ಗೆಳೆಯ ನಿಟ್ಟುಸಿರಿಟ್ಟ: "ಎಂತ ಮಾರಾಯ್ರೆ, ಸತ್ತದ್ದನ್ನು ಮತ್ತೆ ಯಾಕೆ ಕೊಲ್ಲುವುದು?"

೩. ದೆವ್ವದ ಕೈ ಹಿಡಿದವಳು

ಕೊನೆಗೆ ಧೈರ್ಯದ ನಡಿಗೆ. ನೀರಿನ ಟ್ಯಾಂಕಿನ ಹಿಂದೆ ಎಂಜಿನಿಯರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದು ನಿಂತರು, ಪಕ್ಕದಲ್ಲಿ ನಾನು ಅಡಗಿದೆ. ಒಂದು ಮಗು ಹೆದರಿ ಕಿರುಚುವುದನ್ನು ಇನ್ನೊಮ್ಮೆ ಕೇಳಬೇಕೆಂದೇ ಅವರು ಇಷ್ಟೆಲ್ಲ ಮಾಡಿದ್ದು.

ಆದರೆ ಗಂಡಸರೆಲ್ಲ ಬಿಳಿ ನಿಲುವಂಗಿ ತೊಡುವ ಈ ದೇಶದಲ್ಲಿ ಬಿಳಿ ಉಡುಪಿನವರನ್ನು ಕಂಡು ಯಾವ ಮಗು ಹೆದರುತ್ತದೆ? ಮೊದಲ ಹುಡುಗ "ಅಸ್ಸಲಾಮು ಅಲೈಕುಂ" ಎಂದು ಮುಂದೆ ಹೋದ. ಎರಡನೆಯವಳೂ ಹಾಗೇ. ದೆವ್ವ ಗೊರಗೊರ ಸದ್ದು ಮಾಡಿತು. ಮೂರನೆಯವನು ನಿಂತು, ಗಂಟಲು ನೋವಾ ಎಂದು ವಿಚಾರಿಸಿದ.

ಕೊನೆಗೆ ನನ್ನ ಮಗಳು ಬಂದಳು, ಎಲ್ಲರಿಗಿಂತ ಚಿಕ್ಕವಳು. ಅಷ್ಟರಲ್ಲಿ ದೆವ್ವದ ಹೆಗಲು ಅಲುಗುತ್ತಿತ್ತು. ನಗುವೋ ಅಳುವೋ ನನಗೂ ತಿಳಿಯಲಿಲ್ಲ. ಅವಳು ಅವರ ಕೈ ಹಿಡಿದು, ಶಾಲೆಯ ಇಂಗ್ಲಿಷಿನಲ್ಲಿ, ಮನೆಗೆ ಹೋಗಬೇಕಾ ಅಂಕಲ್ ಎಂದು ಕೇಳಿದಳು. ದೆವ್ವ ಹೌದೆಂದು ತಲೆಯಾಡಿಸಿತು. ಹಾಗೇ ಅವರನ್ನು ಬೆಳಕಿಗೆ ಕರೆತಂದು ಎಲ್ಲರ ಮುಂದೆ ನಿಲ್ಲಿಸಿದಳು:

"ಪಾಪ, ಇವರಿಗೆ ಮನೆಗೆ ಹೋಗ್ಬೇಕಂತೆ."

ಬ್ಯಾರಿ ಗೆಳೆಯ ಜಜ್ಜಿದ ತಟ್ಟೆಯನ್ನು ಎತ್ತಿಕೊಂಡ.

"ಅವರೊಬ್ಬರಿಗೇ ಅಲ್ಲ ಮಗಾ, ನಮಗೆಲ್ಲರಿಗೂ ಹೋಗ್ಬೇಕು. ಸದ್ಯಕ್ಕೆ ಕೋಳಿ ತಿನ್ನುವ."