ಯೂಲಾನಕ್ಕನ ಬೀಸಣಿಗೆ, ಕುನ್‌ತಾಂಗನ ವೈಫೈ

ಮನೆಯಲ್ಲಿ ವೈಫೈ ಕೈಕೊಟ್ಟರೆ ಉಳಿದ ಗಂಡಸರಿಗೆ ಸಿಟ್ಟು ಬರುತ್ತದೆ. ಲಾಯ್ ಕುನ್‌ತಾಂಗನಿಗೆ ಮಾತ್ರ ಮಾನವೇ ಹೋಗುತ್ತದೆ. ಆತ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು; ತಂತಿ ಎನಿಸಿಕೊಂಡದ್ದು ಯಾವುದೇ ಇರಲಿ, ಬಟ್ಟೆ ಒಣಹಾಕುವ ತಂತಿಯೂ ಸೇರಿದಂತೆ, ತನ್ನ ಮಾತು ಕೇಳಲೇಬೇಕೆಂದು ನಂಬಿದವನು. ಅಂಥವನ ಮನೆಯಲ್ಲಿ, ಟೈನಾನ್ ಊರಿನ ಆ ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಹದಿನೈದು ದಿನದಿಂದ ಟಿವಿಯಲ್ಲಿ ವಿಡಿಯೋ ಬಿಕ್ಕಳಿಸುತ್ತಿತ್ತು. ವಾರ್ತೆ ಓದುವವಳು ಬಾಯಿ ತೆರೆದರೆ ತೆರೆದೇ ಇರುವಳು. ಅವಳ ಮೂಗಿನ ಮೇಲೆ ಬಿಳಿ ಚಕ್ರವೊಂದು ಗಿರಗಿರ ತಿರುಗುವುದು. ಬೇಸ್‌ಬಾಲ್ ಆಟದಲ್ಲಿ ಎಸೆದ ಚೆಂಡು ಗಾಳಿಯಲ್ಲೇ ನಿಂತು, ಮತ್ತೆ ಚಿತ್ರ ಬರುವಷ್ಟರಲ್ಲಿ ಆಟಗಾರರು ಸ್ನಾನ ಮಾಡಿ ಬಸ್ಸು ಹತ್ತುತ್ತಿದ್ದರು.

"ಆಫಾಗೆ ಒಂದು ಫೋನ್ ಮಾಡ್ಲಾ?" ಎಂದಳು ಹೆಂಡತಿ ಶೂಚಿನ್.

ಆಫಾ ಎಂದರೆ ಅವಳ ತಮ್ಮ. ಮಾರುಕಟ್ಟೆಯ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಬಂದರೆ ಐದು ನಿಮಿಷದಲ್ಲಿ ಸರಿಮಾಡಿಬಿಡುತ್ತಾನೆ, ತೊಂದರೆ ಇರುವುದೇ ಅಲ್ಲಿ. ಸರಿಮಾಡಿದ ಮೇಲೆ ಸುಮ್ಮನೆ ಹೋಗುವುದಿಲ್ಲ. "ಭಾವ, ಇದನ್ನ ಯಾರು ಜೋಡಿಸಿದ್ದು?" ಎಂದು ನಗುತ್ತಾ ಕೇಳಿ ಹೋಗುತ್ತಾನೆ. ಹೋದ ವರ್ಷ ಫ್ಯಾನಿನ ವಿಷಯದಲ್ಲಿ ಕೇಳಿದ್ದ. ಕುನ್‌ತಾಂಗನಿಗೆ ಆ ನಗು ಇನ್ನೂ ಅರಗಿಲ್ಲ.

"ಆ ಹುಡ್ಗ ನನ್ನ ಮನೇಲಿ ಸ್ಕ್ರೂಡ್ರೈವರ್ ಹಿಡಿದ್ರೆ ನಾನು ಮೀಸೆ ಬೋಳಿಸ್ಕೋತೀನಿ!"

"ಮೊದ್ಲು ಬೆಳೆಸಿ," ಎಂದಳು ಶೂಚಿನ್. (ಆ ಹುಡುಗನಿಗೆ ಈಗ ಐವತ್ತೆಂಟು.)

ಮಾತಿನಲ್ಲಿ ಚುಚ್ಚಿದಳೇ ಹೊರತು ಅವಳ ಮುಖದಲ್ಲಿ ನಗೆಯಿರಲಿಲ್ಲ. ಬರುವ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಅವಳ ಅಕ್ಕ ಯೂಲಾನ್ ಚಿಯಾಯೀಯ ದೇವಸ್ಥಾನದ ಅಂಗಳದಲ್ಲಿ ಹಾಡುನಾಟಕಕ್ಕೆ ವೇಷ ಕಟ್ಟುವವಳಿದ್ದಳು. ಅದೂ ನಾಯಕನ ಪಾತ್ರ. ಎಪ್ಪತ್ತರ ಯೂಲಾನಕ್ಕ ಸೊಂಟನೋವಿನ ಪಟ್ಟಿಯನ್ನು ರೇಷ್ಮೆ ನಿಲುವಂಗಿಯೊಳಗೆ ಬಿಗಿದುಕೊಂಡು, ರಾಜಧಾನಿಯ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದ ಇಪ್ಪತ್ತರ ತರುಣನಾಗುತ್ತಾಳೆ. ಮೂರು ವರ್ಷದ ಹಿಂದೆ ಅವಳ ಮೊದಲ ಆಟಕ್ಕೆ ತಂಗಿ ಹೋಗಿರಲಿಲ್ಲ. ಕಾರಣ, ಅದೇ ದಿನಕ್ಕೆ ಕುನ್‌ತಾಂಗ ಬೇಸ್‌ಬಾಲ್‌ನ ಎರಡು ಟಿಕೆಟ್ ತಂದಿದ್ದ. ಅಂದು ಮಾತು ಬಿಟ್ಟ ಅಕ್ಕ ಮೊನ್ನೆ ಮೊನ್ನೆಯವರೆಗೂ ಮಾತಾಡಿರಲಿಲ್ಲ. ಹೊಸ ವರ್ಷದ ಊಟಕ್ಕೆ ತಂಗಿಯ ಎದುರಿಗೇ ಕೂತು, "ಆ ಮೀನಿನ ತಟ್ಟೆ ಈ ಕಡೆ ಬಂದ್ರೆ ಚೆನ್ನಾಗಿರ್ತಿತ್ತು" ಎಂದು ಗೋಡೆಗೆ ಹೇಳುತ್ತಿದ್ದಳು. ಈಗ ನಾಲ್ಕು ತಿಂಗಳಿಂದಷ್ಟೇ ಮಾತು ಚಿಗುರಿತ್ತು. ಈ ಸಲ ಹೋಗೋಣವೆಂದರೆ ಶೂಚಿನ್ನಳ ಮಂಡಿಗೆ ಆಪರೇಷನ್ ಆಗಿದೆ, ಲಿಫ್ಟಿಲ್ಲದ ನಾಲ್ಕು ಮಹಡಿ ಇಳಿಯುವ ಹಾಗಿಲ್ಲ.

"ಇಂಟರ್‌ನೆಟ್‌ನಲ್ಲಿ ನೇರ ಬರುತ್ತೆ, ಆಫಾನೇ ಕ್ಯಾಮೆರಾ ಹಿಡೀತಾನೆ," ಎಂದು ಅಕ್ಕ ಫೋನಿನಲ್ಲಿ ತಾಕೀತು ಮಾಡಿದ್ದಳು. "ಮುಗಿದ ತಕ್ಷಣ ಫೋನ್ ಮಾಡ್ತೀನಿ. ದೊಡ್ಡ ಹಾಡಲ್ಲಿ ಎಲ್ಲಿ ಅಳು ಬಂತು ಅಂತ ಸರಿಯಾಗಿ ಹೇಳ್ಬೇಕು ನೀನು."

"ಇನ್ನೊಂದ್ಸಲ ಅವಳು ಮಾತು ಬಿಟ್ರೆ ನಾನು ತಡ್ಕೊಳ್ಳಲ್ಲ ರೀ," ಎಂದಳು ಶೂಚಿನ್. "ಇರೋಳು ಒಬ್ಬಳೇ ಅಕ್ಕ. ಬೇಕಾದ್ರೆ ನನ್ನ ಫೋನಲ್ಲೇ ನೋಡ್ತೀನಿ ಬಿಡಿ, ಅದಕ್ಕೆ ಬೇರೆ ನೆಟ್ ಇದೆಯಲ್ಲ."

"ಅಂಗೈಯಷ್ಟು ಫೋನಲ್ಲಿ ನಿಮ್ಮಕ್ಕನ ಮೂಗು ಯಾವ್ದು ಬೀಸಣಿಗೆ ಯಾವ್ದು ಅಂತ ಗೊತ್ತಾಗುತ್ತೇನೆ? ನಾನು ಸತ್ತಿದೀನಾ? ಭಾನುವಾರದೊಳಗೆ ಇದೇ ಟಿವಿಲಿ ಹೊಳೆ ಹರಿದ ಹಾಗೆ ಹರಿಸ್ತೀನಿ, ನೋಡ್ತಿರು."

ತಪಾಸಣೆ ಶಾಸ್ತ್ರೋಕ್ತವಾಗಿ ಆರಂಭವಾಯಿತು. ನಮ್ಮ ಸಿಗ್ನಲ್ ಸಾಹೇಬ ಬಿಳಿ ಕೈಗವಸು ತೊಟ್ಟು, ರೌಟರಿನ ಮುಂದೆ ನೆಟ್ಟಗೆ ನಿಂತು, ನೌಕರಿಯಲ್ಲಿ ಕಲಿತ ಹಾಗೆ ಒಂದೊಂದಕ್ಕೂ ಬೆರಳು ತೋರಿಸಿ ಗಟ್ಟಿಯಾಗಿ ಕೂಗಿದ. "ದೀಪ ಹಸಿರು, ಸರಿ! ತಂತಿ ಬಿಗಿ, ಸರಿ! ಪ್ಲಗ್ಗು ಭದ್ರ, ಸರಿ!"

"ಎಲ್ಲಾ ಸರಿ ಇದ್ರೆ ಚಿತ್ರ ಯಾಕೆ ನಿಂತಿದೆ?"

"ಅದನ್ನ ಕೇಳೋ ಹಂತ ಇನ್ನೂ ಬಂದಿಲ್ಲ ಕಣೇ."

ಸೋಮವಾರ ಮೈಕ್ರೋವೇವ್ ಮೇಲೆ ಅನುಮಾನ ಬಂದು, ಎರಡು ದಿನ ಇಬ್ಬರೂ ತಣ್ಣಗಿನ ಊಟ ಮಾಡಿದರು. ಬುಧವಾರ ಚಿತ್ರದ ಗುಣಮಟ್ಟ ಇಳಿಸಿದ. ಎಲ್ಲರ ಮುಖವೂ ಹಿಟ್ಟಿನ ಮುದ್ದೆಯಂತಾಯಿತು, ಬಿಕ್ಕಳಿಕೆ ಮಾತ್ರ ಹಾಗೇ ಉಳಿಯಿತು. ರೌಟರನ್ನು ಎತ್ತಿಕೊಂಡು ಕೋಣೆ ಕೋಣೆ ತಿರುಗಿದ. ಒಂದು ಮಧ್ಯಾಹ್ನವಂತೂ ಅದನ್ನು ದೇವರ ಪೀಠದ ಮೇಲೆ, ತೀರಿಹೋದ ಅಪ್ಪನ ಹೆಸರಿನ ಫಲಕದ ಪಕ್ಕ ಇಟ್ಟು, ಶೂಚಿನ್ನಳಿಂದ ಮಂಗಳಾರತಿ ಮಾಡಿಸಿಕೊಂಡ. ಕೊನೆಗೆ ಅದು ಟಿವಿಯ ಪಕ್ಕದ ಗೂಡಿಗೇ ಮರಳಿತು. ನಡುನಡುವೆ ಸ್ವಿಚ್ಚು ಆರಿಸಿ ಹಾಕುವುದಂತೂ ನಡೆದೇ ಇತ್ತು. ಅವನು ಕಲಿತ ವಿದ್ಯೆಯಲ್ಲಿ ಅದೊಂದು ನಿಯಮ ಎಲ್ಲಕ್ಕಿಂತ ದೊಡ್ಡದು: ಏನಾದರೂ ಕಾರಣವಿಲ್ಲದೆ ನಿಂತರೆ, ಮೊದಲು ಲೈನು ಕಡಿ, ಆಮೇಲೆ ಯೋಚಿಸು.

ಇನ್ನು ಹಸಿರು ಪೊಟ್ಟಣದ ವಿಚಾರ. ತೆಂಗಿನ ಘಮದ ಆ ಜೋಳದ ಕುರುಕಲಿನ ಹೆಸರೇ 'ಜಾಣಮರಿ' ಎಂಬರ್ಥದ್ದು. ಆ ದ್ವೀಪದೇಶದಲ್ಲಿ ಆಸ್ಪತ್ರೆ, ಬ್ಯಾಂಕು, ಸಿಗ್ನಲ್ ಕೋಣೆ, ಎಲ್ಲೇ ಹೋಗಿ, ಯಂತ್ರದ ಮೇಲೆ ಒಂದು ಪೊಟ್ಟಣ ಕೂತಿರುತ್ತದೆ. ಅದಿದ್ದರೆ ಯಂತ್ರ ತಂಟೆ ಮಾಡುವುದಿಲ್ಲವೆಂದು ನಂಬಿಕೆ. ಪೊಟ್ಟಣ ಹಸಿರೇ ಆಗಿರಬೇಕು. ತಾರೀಕು ಮುಗಿದಿರಬಾರದು. ಮುಖ್ಯವಾಗಿ, ಯಾರೂ ಅದನ್ನು ತಿನ್ನಬಾರದು. ಕುನ್‌ತಾಂಗನ ಮೂವತ್ತೊಂದು ವರ್ಷದಲ್ಲಿ ಒಂದು ಸಿಗ್ನಲ್ಲೂ ಸುಳ್ಳು ಹೇಳದಿರುವುದಕ್ಕೆ ಅರ್ಧ ಕಾರಣ ತಾನು, ಇನ್ನರ್ಧ ಆ ಪೊಟ್ಟಣ ಎಂದು ಅವನೇ ಒಪ್ಪುತ್ತಿದ್ದ. ಮನೆಯ ರೌಟರಿನ ಹಳೇ ಪುಟ್ಟ ಪೊಟ್ಟಣದ ತಾರೀಕು ಮುಗಿಯಿತೆಂದು ಎರಡು ವಾರದ ಹಿಂದೆ ದೊಡ್ಡದೊಂದನ್ನು ತಂದು ಒರಗಿಸಿದ್ದ. ಈಗ ಸೋತ ದಿನಕ್ಕೊಂದರಂತೆ ಸೇರಿಸುತ್ತಾ ಹೋದ; ರೌಟರ್ ಯಾವ ಕೋಣೆಗೆ ಹೋದರೂ ಪೊಟ್ಟಣಗಳೂ ಜೊತೆಗೇ ಹೋದವು. ಶನಿವಾರದ ಹೊತ್ತಿಗೆ ರೌಟರ್ ಏಳು ಪೊಟ್ಟಣಗಳ ನಡುವೆ ಕಾಣೆಯಾಗಿತ್ತು.

ಭಾನುವಾರ ಎರಡು ಗಂಟೆಗೆ ಜಾಗಟೆ ಮೊಳಗಿತು. ಪರದೆಯಲ್ಲಿ ದೇವಸ್ಥಾನದ ಅಂಗಳ ಮೂಡಿತು, ಎರಡು ಸೆಕೆಂಡ್ ಆಡಿತು, ನಿಂತಿತು. ಚಕ್ರ ತಿರುಗತೊಡಗಿತು.

"ಅಯ್ಯೋ, ಅಕ್ಕ ಬಂದ್ಲು! ಕಾಲು ಮಾತ್ರ ಬಂತು! ರೀ, ಏನಾದ್ರೂ ಮಾಡ್ರೀ!"

ಕುನ್‌ತಾಂಗ ಹೊಸ ತಂತಿಯ ಸುರುಳಿ ಹಿಡಿದು ಮೇಜಿನ ಕೆಳಗೆ ನುಸುಳಿದ. ಮೇಲೆ ಶೂಚಿನ್ ಒದ್ದಾಡುತ್ತಿದ್ದಳು; ಅವಳ ಫೋನು ಒಳಕೋಣೆಯಲ್ಲಿ ಚಾರ್ಜಿಗಿತ್ತು. ಗಾಬರಿಯಾದರೆ ಅವಳಿಗೆ ಬಾಯಿಗೇನಾದರೂ ಬೇಕು. ಕುಂಟುವ ಕಾಲಿನಲ್ಲಿ ಅಡುಗೆಮನೆಗೆ ಹೋಗಿ ಬರುವಷ್ಟು ತಾಳ್ಮೆ ಇಲ್ಲ. ಕೆಳಗಿದ್ದವನಿಗೆ ಕರುಂ ಕುರುಂ ಸದ್ದು ಕೇಳಿಸಿತು. ಮೊದಲು ಇಲಿಯೆಂದುಕೊಂಡ. ಆಮೇಲೆ ತೆಂಗಿನ ಘಮ ಬಂತು.

ತಲೆ ಹೊರಗೆ ಹಾಕಿ ನೋಡುತ್ತಾನೆ: ನಾಲ್ಕು ಪೊಟ್ಟಣ ಹರಿದು ಬಿದ್ದಿವೆ, ಉಳಿದ ಮೂರು ಅವಳ ಮಡಿಲಲ್ಲಿವೆ.

"ಶೂಚಿನ್! ಅದನ್ನ ತಿಂತಾರೇನೇ ಯಾರಾದ್ರೂ? ಮುಗೀತು! ಇನ್ನು ಈ ಮನೇಲಿ ಬಲ್ಬು ಕೂಡ ಉರಿಯಲ್ಲ!"

"ಶ್! ಸುಮ್ನಿರಿ. ಅಲ್ಲಿ ನೋಡಿ."

ಯೂಲಾನಕ್ಕ ಹಾಡುತ್ತಿದ್ದಳು. ಚಕ್ರ ಮಾಯವಾಗಿತ್ತು. ಒಂದು ಅಕ್ಷರ ಮುಕ್ಕಾಗದೆ, ಹುಬ್ಬಿನ ಕುಣಿತವೂ ತಪ್ಪದೆ ಚಿತ್ರ ಹರಿದು ಬರುತ್ತಿತ್ತು. ಕುನ್‌ತಾಂಗ ಖಾಲಿ ಪೊಟ್ಟಣವೊಂದನ್ನು ಎತ್ತಿ ಒಳಗೆ ಇಣುಕಿದ. ಉದ್ದಕ್ಕೂ ಬೆಳ್ಳಿಯ ಹಾಗೆ ಹೊಳೆಯುವ ಲೋಹದ ಲೇಪ. ಏಳು ಪೊಟ್ಟಣ ಸುತ್ತ ನಿಲ್ಲಿಸಿ ತಾನೇ ರೌಟರಿಗೆ ತಗಡಿನ ಕೋಟೆ ಕಟ್ಟಿದ್ದು ಅವನಿಗೆ ಆ ಕ್ಷಣವೇ ಹೊಳೆಯಿತು. ಆದರೆ ಗಂಡಸಲ್ಲವೇ?

"ಕೆಳಗೆ ಒಂದು ತಂತಿ ತಿರುಚಿದೆ ನೋಡು, ಅಲ್ಲೇ ಇತ್ತು ಮರ್ಮ," ಎಂದ.

ಶೂಚಿನ್ ಟಿವಿಯತ್ತ ಇನ್ನಷ್ಟು ಬಾಗಿದಳು. ಅವಳ ಕಣ್ಣು ಆಗಲೇ ತುಂಬಿತ್ತು. ಅಕ್ಕ ನಿಜಕ್ಕೂ ಚೆಂದ ಕಾಣುತ್ತಿದ್ದಳು. ಕುನ್‌ತಾಂಗ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ನಲವತ್ತು ನಿಮಿಷ ಅವನಷ್ಟು ಸುಖಿ ಇಡೀ ದ್ವೀಪದಲ್ಲಿ ಇನ್ನೊಬ್ಬನಿರಲಿಲ್ಲ.

ದೊಡ್ಡ ಹಾಡು ಬಂತು. ಪಿಟೀಲು ಏರಿತು, ಡೋಲು ಕೂಡಿಕೊಂಡಿತು. ಯೂಲಾನಕ್ಕ ಮುಂದೆ ಬಂದು, ಬೀಸಣಿಗೆ ಎತ್ತಿ, ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಇತ್ತು. ಎತ್ತಿದ ಬೀಸಣಿಗೆ ಎತ್ತಿದಲ್ಲೇ ಇತ್ತು. ರೆಪ್ಪೆಯೂ ಅಲುಗಲಿಲ್ಲ.

"ತಿಂದ್ಯಲ್ಲ! ನೋಡು, ಸೇಡು ತೀರಿಸ್ಕೊಳ್ತಿದೆ!" ಎಂದು ಕಿರುಚಿ ಕುನ್‌ತಾಂಗ ಗೂಡಿನತ್ತ ಹಾರಿದ.

"ರೀ, ಮುಟ್ಬೇಡಿ! ಹಿಂದೆ ಪರದೆ ಅಲ್ಲಾಡ್ತಿದೆ! ಪಿಟೀಲಿನವ್ನು ಬೆವರು ಒರೆಸ್ಕೊಳ್ತಿದಾನೆ! ಅದು ನೆಟ್ಟಲ್ಲ ರೀ, ಅಕ್ಕ! ಅಕ್ಕನೇ ಹಾಡು ಮರ್ತು ನಿಂತಿದಾಳೆ!"

ಆದರೆ ಮೂವತ್ತೊಂದು ವರ್ಷದ ಅಭ್ಯಾಸ ಹೆಂಡತಿಯ ಮಾತಿಗಿಂತ ಬೇಗ ಕೆಲಸ ಮಾಡಿತು. ಲೈನು ಕಡಿದಾಗಿತ್ತು, ಪ್ಲಗ್ಗು ಅವನ ಕೈಯಲ್ಲಿತ್ತು. ಮತ್ತೆ ಚುಚ್ಚಿ, ರೌಟರ್ ಮೈಮುರಿದು ಎದ್ದು, ಪ್ರಸಾರವನ್ನು ಹುಡುಕಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತು ತಲೆಬಾಗಿಸುತ್ತಿದ್ದರು.

ಹತ್ತು ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಗಂಡನೇ ಒಳಕೋಣೆಯಿಂದ ತಂದು ಎತ್ತಿದ.

"ನೋಡಿದ್ರಾ?" ಯೂಲಾನಕ್ಕನ ದನಿ ಎಂದಿನಂತಿರಲಿಲ್ಲ. "ದೊಡ್ಡ ಹಾಡು... ನಿಮ್ಮಲ್ಲಿ ಹೇಗೆ ಬಂತು?"

ಕುನ್‌ತಾಂಗನ ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು: ಅಕ್ಕಾ, ನನ್ನ ನೆಟ್ಟು ಕನ್ನಡಿ ಹಾಗಿತ್ತು, ನಿಂತದ್ದು ನೀವೇ. ಬಾಯಿ ತೆರೆದ. ಶೂಚಿನ್ ಅವನ ತೋಳು ಹಿಡಿದಳು. ಚಿವುಟಲಿಲ್ಲ, ಸುಮ್ಮನೆ ಹಿಡಿದಳು. ಅವಳ ಮುಖ ನೋಡಿ ಅವನಿಗೆ ಸಂಕಟವಾಯಿತು. ಆ ಮೂರು ವರ್ಷಕ್ಕೂ ಕಾರಣ ತಾನೇ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಎಲ್ಲಿ ಬಂತಕ್ಕಾ," ಎಂದ, ಕಹಿ ನುಂಗಿದವನಂತೆ. "ನೀವು ಬೀಸಣಿಗೆ ಎತ್ತಿದ್ದೇ ತಡ, ನಮ್ಮನೆ ನೆಟ್ಟು ನಿಂತೇಹೋಯ್ತು. ದರಿದ್ರದ್ದು."

ಆ ಕಡೆ ಯೂಲಾನಕ್ಕನ ದನಿ ಇಪ್ಪತ್ತರ ತರುಣನದಾಯಿತು.

"ನಾನು ಹೇಳ್ಲಿಲ್ವಾ! ನಿಂತಿದ್ದು ನೆಟ್ಟು ಅಂತ ಆಗ್ಲೇ ಹೇಳ್ದೆ! ಶೂಚಿನ್‌ಗೆ ಕೊಡು ಫೋನು. ಪಾಪ, ನನ್ನ ತಂಗಿಗೆ ಹಾಡೇ ಸಿಗ್ಲಿಲ್ಲ. ನಾಳೆ ಬಂದು ಮನೇಲೇ ಹಾಡ್ತೀನಿ ಬಿಡು, ಪೂರ್ತಿ ಹಾಡ್ತೀನಿ!"

ಅಕ್ಕ ತಂಗಿ ಒಂದು ಗಂಟೆ ಅತ್ತು ನಕ್ಕು ಮಾತಾಡಿದರು. ಅದು ಮುಗಿದದ್ದೇ ಬಂಧುಗಳ ಫೋನ್ ಗುಂಪಿಗೆ ಯೂಲಾನಕ್ಕನ ಪ್ರಕಟಣೆ ಬಿತ್ತು: ದೊಡ್ಡ ಹಾಡಿನಲ್ಲಿ ಎಲ್ಲರ ಮನೆಯಲ್ಲೂ ಚಿತ್ರ ನಿಂತದ್ದಕ್ಕೆ ಕುನ್‌ತಾಂಗನ ಮನೆಯ ವೈಫೈ ಕಾರಣ, ಅಲ್ಲಿ ಗಂಟು ಬಿದ್ದು ಹಿಂದಿನವರದ್ದೆಲ್ಲ ಸಿಕ್ಕಿಕೊಂಡಿದೆ. ಟೈನಾನಿನ ಒಂದು ಪೆಟ್ಟಿಗೆ ತೈಪೆಯಲ್ಲಿರುವವರ ಚಿತ್ರವನ್ನು ಹೇಗೆ ನಿಲ್ಲಿಸುತ್ತದೆ ಎಂದು ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಹಾಡು ನಿಂತದ್ದನ್ನು ನೋಡಿದವರೇ, ಎಲ್ಲರಿಗೂ ಯೂಲಾನಕ್ಕನ ಮೌನದ ಅನುಭವವಿತ್ತು. 'ಹೌದು, ನಮ್ಮಲ್ಲೂ ಹಾಗೇ ಆಯ್ತು' ಎಂದು ಸಾಲು ಸಾಲಾಗಿ ಬರೆದರು. ಸಿಗ್ನಲ್ ವಿದ್ಯೆಗೇ ಆದ ಈ ಅವಮಾನವನ್ನು ಓದುತ್ತಾ ಕುನ್‌ತಾಂಗ ಹಲ್ಲು ಕಡಿದ. ಕೊನೆಗೆ ಹೆಂಡತಿ ಹೇಳಿಕೊಟ್ಟಂತೆ ತಾನೂ ಬರೆದ: 'ತಪ್ಪು ನನ್ನದೇ.'

ಸಂಜೆ ಆರಕ್ಕೆ ಬಾಗಿಲು ತಟ್ಟಿದ ಸದ್ದು. ಚಿಯಾಯೀಯಿಂದ ನೇರ ಬಂದಿದ್ದ ಆಫಾ. ಒಂದು ಕೈಯಲ್ಲಿ ಸಾಮಾನಿನ ಚೀಲ. ಇನ್ನೊಂದರಲ್ಲಿ ಫೋನು, ಫೋನಿನೊಳಗೆ ಬಣ್ಣ ಇನ್ನೂ ತೊಳೆಯದ ಯೂಲಾನಕ್ಕ, ಎಲ್ಲವನ್ನೂ ಕಣ್ಣಾರೆ ನೋಡುತ್ತಿದ್ದಳು.

"ಸರಿಯಾಗಿ ಹುಡುಕೋ ಆಫಾ! ಏನು ಕೆಟ್ಟಿದೆ ಅಂತ ಗುಂಪಲ್ಲಿ ಹಾಕ್ಬೇಕು," ಎಂದಿತು ಫೋನು.

ಆಫಾ ರೌಟರಿನ ಮುಂದೆ ಕೂತು ತನ್ನ ಯಂತ್ರ ಜೋಡಿಸಿ ಐದು ನಿಮಿಷ ಪರೀಕ್ಷಿಸಿದ. ಹುಬ್ಬೇರಿಸಿದ. ಮತ್ತೊಮ್ಮೆ ಪರೀಕ್ಷಿಸಿದ. ಆಮೇಲೆ ಜೀವಮಾನದಲ್ಲೇ ಮೊದಲ ಬಾರಿಗೆ ಭಾವನ ಕಡೆ ಗೌರವದಿಂದ ತಿರುಗಿ, ಫೋನಿಗೆ ಕೇಳಿಸದಂತೆ ಪಿಸುಗುಟ್ಟಿದ:

"ಭಾವ, ಇದು ನನ್ನ ಅಂಗಡಿದಕ್ಕಿಂತ ಚೆನ್ನಾಗಿ ಓಡ್ತಿದೆ. ಒಂದು ತಪ್ಪೂ ಇಲ್ವಲ್ಲ!"

ಕುನ್‌ತಾಂಗ ಅವನ ಪಕ್ಕ ನೆಲಕ್ಕೆ ಕುಕ್ಕರಿಸಿದ. ತನ್ನ ಸ್ಕ್ರೂಡ್ರೈವರನ್ನು ತಾನೇ ಅವನ ಕೈಗಿಟ್ಟು, ಎರಡೂ ಕೈ ಜೋಡಿಸಿ ಹೇಳಿದ:

"ನಿನ್ನ ಕಾಲಿಗೆ ಬೀಳ್ತೀನಿ ಕಣಪ್ಪಾ, ಸರಿಯಾಗಿ ನೋಡು. ಎಲ್ಲಾದ್ರೂ ಒಂದು ತಪ್ಪು ಇದ್ದೇ ಇರುತ್ತೆ. ಜೋಡಿಸಿದ್ದು ನಾನಲ್ವಾ?"