ತಂತಿಯಿಂದ ಕೈ ತೆಗೆಯದಿರುವ ಬಗ್ಗೆ

ವಾದ್ಯ ಮತ್ತು ಆಂಪ್ಲಿಫೈಯರ್ ನಿರ್ವಹಣಾ ಶಾಖೆ
ನೆಲಮಹಡಿ (ಸಭಾಂಗಣದ ನೇರ ಕೆಳಗೆ)

ಸಂಖ್ಯೆ: ವಾ.ಆಂ.ನಿ/ಬೇಸ್/ಗುಂಯ್/ತುರ್ತು/17
ದಿನಾಂಕ: ಇಂದು (ದಿನಾಂಕದ ಮೊಹರು ಎದುರಿನ ಮೇಜಿನ ಮೇಲಿದ್ದು, ಕೈಗೆ ಎಟುಕುತ್ತಿಲ್ಲ)

ಸುತ್ತೋಲೆ

ವಿಷಯ: ಶಾಖೆಯ ಬೇಸ್ ಗಿಟಾರಿನ ತಂತಿಯನ್ನು ಕಚೇರಿ ವೇಳೆಯಲ್ಲಿ ಎಡೆಬಿಡದೆ ಹಿಡಿದುಕೊಂಡಿರುವ ಬಗ್ಗೆ, ಸದರಿ ಗಿಟಾರಿನ ದುರಸ್ತಿ ಮತ್ತು ಮಾರ್ಪಾಡನ್ನು ನಿಷೇಧಿಸುವ ಬಗ್ಗೆ, ಹಾಗೂ ಯಾರಾದರೂ ಕೂಡಲೇ ಇಲ್ಲಿಗೆ ಬರುವ ಬಗ್ಗೆ.

ಉಲ್ಲೇಖ: 1. ತಂತಿ ಹಸ್ತಾಂತರ ನಿಯಮಗಳು (ಕೆಳಸಹಿದಾರರೇ ರಚಿಸಿದ್ದು).
2. ದೋಷ ಪರಿಶೀಲನಾ ಸಮಿತಿಯ ವರದಿ.
3. ಸ್ಪರ್ಶ ಸಹಾಯಕರ ಅರ್ಧ ದಿನದ ರಜೆ ಅರ್ಜಿ (ತಿರಸ್ಕೃತ).

ಪ್ರಸ್ತಾವನೆ:

ಈ ಶಾಖೆಯ ಸುಪರ್ದಿನಲ್ಲಿ ಒಂದು ಬೇಸ್ ಗಿಟಾರ್, ಅದಕ್ಕೆ ಜೋಡಿಸಿದ ಒಂದು ಆಂಪ್ಲಿಫೈಯರ್ ಮತ್ತು ಇವೆರಡನ್ನೂ ಇಡಲು ಒಂದು ಕೊಠಡಿ ಇರುತ್ತವೆ. ಸಿಬ್ಬಂದಿ ವಾದ್ಯವೃಂದವು ವಿಸರ್ಜನೆಗೊಂಡು ಬಹುಕಾಲವಾಗಿದೆ. ಆದರೆ ಬಳಕೆಯಲ್ಲಿಲ್ಲದ ಉಪಕರಣದ ಕೊಠಡಿಯನ್ನು ನೆರೆಯ ಇಲಾಖೆಗೆ ಬಿಟ್ಟುಕೊಡತಕ್ಕದ್ದೆಂಬ ನಿಯಮವಿರುವುದರಿಂದ, ಆಂಪ್ಲಿಫೈಯರನ್ನು ಕಚೇರಿ ತೆರೆದಾಗ ಚಾಲೂ ಮಾಡಿ, ಮುಚ್ಚುವಾಗ ಮಾತ್ರ ಆರಿಸಲಾಗುತ್ತಿದೆ. ಅದರ ಕೆಂಪು ದೀಪವು ಬಾಗಿಲ ಸಂದಿಯಿಂದ ನೆರೆಯ ಇಲಾಖೆಯವರಿಗೆ ಕಾಣುವಂತೆ ಇರಿಸಲಾಗಿದೆ.

ಸದರಿ ಗಿಟಾರಿಗೆ ಒಂದು ಸ್ವಭಾವವಿರುತ್ತದೆ. ಯಾರೂ ಮುಟ್ಟದೆ ಇದ್ದಾಗ ಅದು ಆಂಪ್ಲಿಫೈಯರಿನ ಮೂಲಕ 'ಗುಂಯ್' ಎನ್ನುತ್ತಲೇ ಇರುತ್ತದೆ. ಯಾರಾದರೂ ತಂತಿಯ ಮೇಲೆ ಬೆರಳಿಟ್ಟ ಕೂಡಲೇ, ತಾಯಿಯ ಕೈ ಸೋಕಿದ ಕೂಸಿನಂತೆ, ಸುಮ್ಮನಾಗುತ್ತದೆ. (ಈ ಹೋಲಿಕೆಯು ತಾಂತ್ರಿಕ ವರದಿಯದ್ದಾಗಿದ್ದು, ಶಾಖೆಯು ಅದಕ್ಕೆ ಜವಾಬ್ದಾರಿಯಲ್ಲ.)

ಗುಂಯ್ ಎಂಬುದು ಮೇಲಿನ ಸಭಾಂಗಣದ ನೆಲವನ್ನೂ ಕುರ್ಚಿಗಳನ್ನೂ ಹಾದು ಹಿರಿಯ ಅಧಿಕಾರಿಗಳ ಅಂಗಿಯ ಜೇಬನ್ನು ತಲುಪುತ್ತದೆ. ಆಗ ಎಲ್ಲರೂ ಏಕಕಾಲಕ್ಕೆ ತಮಗೇ ಕರೆ ಬಂದಿದೆಯೆಂದು ಮೊಬೈಲ್ ತೆಗೆದು ಹೊರನಡೆಯುತ್ತಾರೆ. ಪಡಸಾಲೆಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾ 'ಹಲೋ' ಎನ್ನುತ್ತಾರೆ. ಕೋರಂ ಇಲ್ಲದೆ ಸಭೆ ಮುಂದೂಡಲ್ಪಡುತ್ತದೆ. ಹೀಗೆ ಮುಂದೂಡಲ್ಪಟ್ಟ ಸಭೆಗಳ ಪೈಕಿ ಕೆಳಸಹಿದಾರರ ಬಡ್ತಿಯ ಸಭೆಯೂ ಒಂದು.

ಆದಕಾರಣ, ಹಿಂದಿನ ವಾದ್ಯವೃಂದದ ಬೇಸ್ ವಾದಕರನ್ನು 'ಸ್ಪರ್ಶ ಸಹಾಯಕ' ಎಂದು ಮರುನಾಮಕರಣ ಮಾಡಿ, ತಂತಿ ಹಿಡಿದು ಕೂರಲು ನಿಯೋಜಿಸಲಾಗಿದೆ. ನುಡಿಸುವುದು ಅವರ ಕರ್ತವ್ಯದ ವ್ಯಾಪ್ತಿಗೆ ಬರುವುದಿಲ್ಲ.

ಈ ಹಿನ್ನೆಲೆಯಲ್ಲಿ, ಸಮಸ್ತ ಸಿಬ್ಬಂದಿಯ ತಿಳಿವಳಿಕೆಗಾಗಿ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

1. ಹಿಡಿಯುವ ಕ್ರಮ. ಬಲಗೈ ತಂತಿಯ ಮೇಲೆ, ಎಡಗೈ ಗಿಟಾರಿನ ಕತ್ತಿನ ಮೇಲೆ ಇರತಕ್ಕದ್ದು. ಅತಿ ದಪ್ಪ ತಂತಿಯನ್ನೇ ಹಿಡಿಯತಕ್ಕದ್ದು. ತೆಳು ತಂತಿಯಿಂದಲೂ ಗುಂಯ್ ನಿಲ್ಲುತ್ತದೆಯಾದರೂ, ಅದರಿಂದ ಕೆಲಸ ಹಗುರವೆಂಬ ಭಾವನೆ ಮೂಡುವ ಅಪಾಯವಿದೆ. ಹಿಡಿಯುವುದೆಂದರೆ ಹಿಡಿಯುವುದು ಮಾತ್ರ. ಮೀಟುವುದು, ತಟ್ಟುವುದು, ಸವರುವುದು ಹಾಗೂ ಮೀಟಬೇಕೆಂಬ ಮುಖಭಾವ ತಾಳುವುದು ನಿಷಿದ್ಧ.

2. ಹಸ್ತಾಂತರ. ಕೈ ತೆಗೆಯಬೇಕಾದ ಅನಿವಾರ್ಯ ಸಂದರ್ಭದಲ್ಲಿ (ಉದಾಹರಣೆಗೆ, ಮೂಗು ಕೆರೆದುಕೊಳ್ಳುವುದು) ತಂತಿಯನ್ನು ಹತ್ತಿರವಿದ್ದವರಿಗೆ ವಹಿಸಿಕೊಟ್ಟೇ ತೆಗೆಯತಕ್ಕದ್ದು. ತಂತಿಯನ್ನು ಕೈಯಾರೆ ಪಡೆದವರು, ಹುದ್ದೆ, ವಯಸ್ಸು ಮತ್ತು ಬಂದ ಉದ್ದೇಶವನ್ನು ಲೆಕ್ಕಿಸದೆ, ಇನ್ನೊಬ್ಬರು ಅವರ ಕೈಯಿಂದ ಪಡೆಯುವವರೆಗೆ ಕರ್ತವ್ಯನಿರತರೆಂದು ಪರಿಗಣಿಸಲ್ಪಡುವರು. ಈ ನಿಯಮಕ್ಕೆ ಯಾವುದೇ ವಿನಾಯಿತಿ ಇರುವುದಿಲ್ಲ. ಒಂದಾದರೂ ಇರಬೇಕಿತ್ತೆಂದು ಈಗ ತೋರುತ್ತಿದೆ, ಆದರೆ ಇರುವುದಿಲ್ಲ.

3. ದುರಸ್ತಿ. ಶಾಖೆಯ ದುರಸ್ತಿಗಾರ್ತಿಯವರು ಗಿಟಾರನ್ನು ಪರೀಕ್ಷಿಸಿ ನೀಡಿದ ಮೌಖಿಕ ಹೇಳಿಕೆ ಹೀಗಿರುತ್ತದೆ: "ಸಾರ್, ಒಳಗಡೆ ಗುಳಿ ಇದ್ಯಲ್ಲ, ಅದಕ್ಕೆ ತಾಮ್ರದ ಟೇಪ್ ಅಂಟಿಸಿ, ಅರ್ಥಿಂಗ್‌ಗೆ ಒಂದ್ ವೈರ್ ಬೆಸುಗೆ ಹಾಕಿದ್ರೆ ಮುಗೀತು. ನಿಮ್ ಚಾ ಆರೋದ್ರೊಳಗೆ ಆಗೋಗತ್ತೆ. ಪಾಪ, ಆ ಮನುಷ್ಯ ಎದ್ದು ಓಡಾಡ್ಲಿ."

(ಅ) ದೋಷವು ದೃಢಪಡದೆ ದುರಸ್ತಿ ಮಾಡುವಂತಿಲ್ಲವಾದ್ದರಿಂದ ಪರಿಶೀಲನಾ ಸಮಿತಿಯನ್ನು ಕರೆಸಲಾಯಿತು. ಸ್ಪರ್ಶ ಸಹಾಯಕರು ತಂತಿ ಹಿಡಿದಿದ್ದರಿಂದ ಸಮಿತಿಗೆ ಗುಂಯ್ ಕೇಳಿಸಲಿಲ್ಲ. ಕೇಳಿಸಲೆಂದು ಅವರು ಕೈ ಬಿಟ್ಟಾಗ ಕೇಳಿಸಿತು. ಆದರೆ ಆ ಹೊತ್ತಿಗೆ ಅದು ಕರ್ತವ್ಯಲೋಪದ ಶಬ್ದವಾಗಿತ್ತೇ ಹೊರತು ಗಿಟಾರಿನದ್ದಾಗಿರಲಿಲ್ಲ. ವರದಿಯಲ್ಲಿ, 'ಗಿಟಾರಿನಲ್ಲಿ ದೋಷ ಕಂಡುಬಂದಿಲ್ಲ. ಸಿಬ್ಬಂದಿಯಲ್ಲಿ ಕಂಡುಬಂದಿದೆ' ಎಂದು ದಾಖಲಿಸಲಾಗಿದೆ.

(ಆ) ದೋಷವಿಲ್ಲದ ವಸ್ತುವನ್ನು ದುರಸ್ತಿ ಮಾಡುವುದು ಆಸ್ತಿಗೆ ಹಾನಿ ಮಾಡಿದಂತೆ. ಆದ್ದರಿಂದ ಬೆಸುಗೆ ನಿಷೇಧಿಸಲಾಗಿದೆ. ದುರಸ್ತಿಗಾರ್ತಿಯವರು ತಂತಿಯ ಸಮೀಪ ಹಾದುಹೋಗುವಾಗ ಬೆಸುಗೆಯ ಕಡ್ಡಿಯನ್ನು ಬೆನ್ನ ಹಿಂದೆ ಹಿಡಿಯತಕ್ಕದ್ದು. ನಿಟ್ಟುಸಿರು ಬಿಡತಕ್ಕದ್ದಲ್ಲ.

4. ಮಾರ್ಪಾಡು. ಗಿಟಾರಿನ ದನಿ ತಗ್ಗಿಸುವ ಗುಂಡಿಯು ಲೆಕ್ಕಪತ್ರ ಗುಮಾಸ್ತರ ಬೀರುವಿಗೆ ಹಿಡಿಯಾಗಿ ಹೋಗಿದ್ದು, ಅಲ್ಲಿ ಉತ್ತಮವಾಗಿ ಕಾರ್ಯ ನಿರ್ವಹಿಸುತ್ತಿದೆ. ಅದನ್ನು ವಾಪಸು ಕೇಳುವುದು ಬೀರುವಿನ ಮಾರ್ಪಾಡು ಎನಿಸುವುದರಿಂದ ಕೇಳತಕ್ಕದ್ದಲ್ಲ.

ಗುಜರಿಯೆಂದು ವಜಾ ಮಾಡಿದ ಸಾಮಾನುಗಳ ಪೈಕಿ ಒಂದು ಗಿಟಾರಿನ ಕತ್ತು, ಇನ್ನೊಂದರ ಬಿರಡೆಗಳು ಮತ್ತು ಹಳೆಯ ಕಪಾಟಿನ ದಪ್ಪ ಹಲಗೆಯೊಂದು ಕಾಣೆಯಾಗಿರುತ್ತವೆ. ಇವೆಲ್ಲವೂ ತಾವಾಗಿಯೇ ಒಂದುಗೂಡಿ ಹೊಸದೊಂದು ಬೇಸ್ ಗಿಟಾರ್ ಆಗಿ ದುರಸ್ತಿಗಾರ್ತಿಯವರ ಮೇಜಿನ ಕೆಳಗೆ, ಗೋಣಿಚೀಲದೊಳಗೆ ಪತ್ತೆಯಾಗಿವೆ. ಅದರ ಒಳಗಿನ ಗುಳಿಯಲ್ಲಿ ತಾಮ್ರದ ಟೇಪ್ ಅಂಟಿಸಲಾಗಿತ್ತು. ಈ ಕೃತ್ಯ ಎಸಗಿದವರನ್ನು ಪತ್ತೆಹಚ್ಚಲು ದುರಸ್ತಿಗಾರ್ತಿಯವರನ್ನೇ ಒಳಗೊಂಡ ಏಕಸದಸ್ಯ ಸಮಿತಿಯನ್ನು ರಚಿಸಲಾಗಿದ್ದು, ಸಮಿತಿಗೆ ಈವರೆಗೆ ಯಾವ ಸುಳಿವೂ ಸಿಕ್ಕಿರುವುದಿಲ್ಲ.

5. ರಜೆ. ಸ್ಪರ್ಶ ಸಹಾಯಕರು ತಮ್ಮ ಅಕ್ಕನ ಮಗಳ ಮದುವೆಯಲ್ಲಿ ಬೇಸ್ ನುಡಿಸುವ ಸಲುವಾಗಿ ಇಂದು ಅರ್ಧ ದಿನದ ರಜೆ ಕೋರಿದ್ದರು. ಮದುವೆಯ ಸಭಾಗೃಹವು ಇದೇ ಬೀದಿಯಲ್ಲಿ, ಕಚೇರಿಯ ಎದುರು ಸಾಲಿನಲ್ಲಿರುತ್ತದೆ. ಬದಲಿ ಸಿಬ್ಬಂದಿಗಾಗಿ ಪ್ರಯತ್ನಿಸಲಾಯಿತು. ಗುಮಾಸ್ತರು ತಮ್ಮ ಅಂಗೈ ಬೆವರುತ್ತದೆಂದರು. ಕಾವಲುಗಾರರಿಗೆ ಕೈಗವಸು ತೆಗೆಯಲು ಆದೇಶವಿಲ್ಲ. ದುರಸ್ತಿಗಾರ್ತಿಯವರು ಒಪ್ಪಿದರಾದರೂ, ಹಾಗೆ ಒಪ್ಪುವಾಗ ನಕ್ಕಿದ್ದರಿಂದ ಅವರನ್ನು ಪರಿಗಣಿಸಲಾಗಿಲ್ಲ. ಅರ್ಜಿಯನ್ನು ತಿರಸ್ಕರಿಸಲಾಯಿತು.

ತದನಂತರ ಸ್ಪರ್ಶ ಸಹಾಯಕರಿಗೆ ಅವರ ಅಕ್ಕನವರಿಂದ ಕರೆ ಬಂದಿತು. ಅವರ ಎರಡೂ ಕೈ ಖಾಲಿಯಿಲ್ಲದ ಕಾರಣ ಗುಮಾಸ್ತರು ಮೊಬೈಲನ್ನು ಸ್ಪೀಕರಿಗೆ ಹಾಕಿ ಹಿಡಿದುಕೊಂಡಿದ್ದು, ಇಡೀ ಶಾಖೆಯು ಕರೆಯನ್ನು ಕರ್ತವ್ಯದ ಭಾಗವಾಗಿ ಆಲಿಸಿರುತ್ತದೆ. ಅಕ್ಕನವರು, "ಲೋ, ನೀನು ಕೈ ಬಿಟ್ರೆ ಆಕಾಶ ಏನು ಕಳಚಿ ಬೀಳತ್ತೇನೋ? ಒಂದ್ ಹುಡುಗಿ ಕೈ ಹಿಡಿ ಅಂದ್ರೆ ಹಿಡೀಲಿಲ್ಲ, ತಂತಿ ಹಿಡ್ಕೊಂಡು ಕೂತೆ! ಕೊಡು ನಿಮ್ಮ ಸಾಹೇಬ್ರಿಗೆ ಫೋನು" ಎಂದರು. ಸಾಹೇಬರು (ಅಂದರೆ ಕೆಳಸಹಿದಾರರು) ಆ ವೇಳೆಗೆ ಕಡತವೊಂದನ್ನು ಹುಡುಕಲು ಹೊರಗೆ ಹೋಗಿದ್ದರು. ಬಳಿಕ ವಧುವು ಫೋನ್ ಕಸಿದುಕೊಂಡು, "ಮಾಮ, ನಾನು ಚಿಕ್ಕೋಳಿದ್ದಾಗ್ಲೇ ಮಾತು ಕೊಟ್ಟಿದ್ದೀಯ. ನೀನು ನುಡಿಸ್ದೆ ನಾನು ಸ್ಟೇಜ್ ಹತ್ತಲ್ಲ. ಹುಡುಗನ್ನ ಒಬ್ಬನ್ನೇ ನಿಲ್ಲಿಸಿ ಫೋಟೋ ತೆಗೆಸ್ಕೊಳ್ಳಿ" ಎಂದು ತಿಳಿಸಿದರು. ಆಗ ಸ್ಪರ್ಶ ಸಹಾಯಕರ ಎಡಗೈ ಬೆರಳುಗಳು ಗಿಟಾರಿನ ಕತ್ತಿನ ಮೇಲೆ ಸದ್ದಿಲ್ಲದೆ ಏನನ್ನೋ ನುಡಿಸುತ್ತಿದ್ದುದು ಕಂಡುಬಂದಿತು. ಸದ್ದಿಲ್ಲದ ಕಾರಣ ಶಿಸ್ತುಕ್ರಮ ಕೈಗೊಂಡಿರುವುದಿಲ್ಲ.

6. ಇಂದಿನ ಘಟನೆ. ಇಂದು ಸಭಾಂಗಣದಲ್ಲಿ ಕೆಳಸಹಿದಾರರ ಬಡ್ತಿಯ ಮರುಸಭೆ ಇದ್ದುದರಿಂದ, ಎಲ್ಲವೂ ನಿಶ್ಶಬ್ದವಾಗಿದೆಯೇ ಎಂದು ನೋಡಲು ಕೆಳಸಹಿದಾರರು ಖುದ್ದಾಗಿ ಈ ಕೊಠಡಿಗೆ ಭೇಟಿ ನೀಡಿದರು. ಆಗ ಸ್ಪರ್ಶ ಸಹಾಯಕರು ಅತ್ಯಂತ ವಿನಯದಿಂದ, "ಸಾರ್, ಒಂದ್ನಿಮಿಷ ಇದನ್ನ ಹಿಡ್ಕೊಳ್ತೀರಾ? ಮೂಗು ಕೆರೀತಿದೆ" ಎಂದರು. ಕಲಂ 2ರ ಪ್ರಕಾರ ಇದು ಕ್ರಮಬದ್ಧವಾದ ಕೋರಿಕೆ. ಕೆಳಸಹಿದಾರರು ಹಿಡಿದುಕೊಂಡರು. ಸ್ಪರ್ಶ ಸಹಾಯಕರು ಮೂಗು ಕೆರೆದುಕೊಂಡರು. ಕೆರೆದುಕೊಂಡು, ದುರಸ್ತಿಗಾರ್ತಿಯವರ ಮೇಜಿನ ಕೆಳಗಿನ ಗೋಣಿಚೀಲವನ್ನು ಹೆಗಲಿಗೇರಿಸಿ, ನಮಸ್ಕರಿಸಿ, ಹೊರಟುಹೋದರು.

ಊಟದ ಬಿಡುವಾದ್ದರಿಂದ ಉಳಿದ ಸಿಬ್ಬಂದಿಯೂ ಮದುವೆಗೆ ಹೊರಟರು. ಬಾಗಿಲಲ್ಲಿ ದುರಸ್ತಿಗಾರ್ತಿಯವರು ಒಂದು ಕ್ಷಣ ನಿಂತು, "ಬೆಸುಗೆ ಹಾಕ್ಬಿಡ್ಲಾ ಸಾರ್? ಓಹ್, ಸಮಿತಿ ಬೇಕಲ್ವಾ" ಎಂದು ಹೇಳಿ, ತಮ್ಮ ಕರವಸ್ತ್ರದಿಂದ ಗಿಟಾರಿನ ಮೇಲಿನ ಧೂಳನ್ನು ಒರೆಸಿ ಹೋದರು. ಕೈಗವಸಿನ ಕಾವಲುಗಾರರು ಕೂಡ ಹೋಗಿರುತ್ತಾರೆ. ಹೋಗುವಾಗ ಅವರು ಕೈಗವಸು ಧರಿಸಿರಲಿಲ್ಲ.

7. ವಿನಾಯಿತಿಗಳು. ಕಲಂ 1ಕ್ಕೆ ತಿದ್ದುಪಡಿ ಮಾಡಿ, ಸುತ್ತೋಲೆ ಬರೆಯುವ ಸಲುವಾಗಿ ಮಾತ್ರ ಎಡಗೈಗೆ ವಿನಾಯಿತಿ ನೀಡಲಾಗಿದೆ. ಜಾರುತ್ತಿರುವ ಕನ್ನಡಕವನ್ನು ಭುಜದಿಂದ ಮೇಲೆ ತಳ್ಳಬಹುದು. ನೊಣವನ್ನು ಊದಿ ಓಡಿಸಬಹುದು. ನೊಣವು ಹೋಗದಿದ್ದಲ್ಲಿ ಅದು ಅಲ್ಲೇ ಕೂರಲು ಅನುಮತಿಸಲಾಗಿದೆ. ಚಹಾ ಎದುರಿನ ಮೇಜಿನ ಮೇಲಿದೆ. ಆರಿದೆ.

8. ಆಕಸ್ಮಿಕ ಧ್ವನಿ. ಸೀನಿದ ಸಂದರ್ಭದಲ್ಲಿ ದಪ್ಪ ತಂತಿಯಿಂದ ಒಂದು ಸ್ವರವು ಹೊರಟಿರುತ್ತದೆ. ಅದು ಆಕಸ್ಮಿಕ. ಸ್ವರವು ನೆಲದೊಳಗಿನಿಂದ ಬಂದಂತೆ ಬಂದು, ಕುರ್ಚಿಯ ಕಾಲು ಹತ್ತಿ, ಎದೆಯಲ್ಲಿ ಸ್ವಲ್ಪ ಹೊತ್ತು ಇದ್ದು ಹೋಯಿತು. ಎರಡನೆಯ ಸ್ವರವೂ ಆಕಸ್ಮಿಕ. ಎರಡನೆಯದಕ್ಕೆ ಸೀನು ಕಾರಣವಲ್ಲ.

9. ಕಿಟಕಿ. ಕೊಠಡಿಯ ಕಿಟಕಿ ತೆರೆದಿದ್ದು, ಅದನ್ನು ಮುಚ್ಚಲು ಕೈ ಇರುವುದಿಲ್ಲ. ಆದ್ದರಿಂದ ಈ ಕೆಳಕಂಡವುಗಳನ್ನು ಕೇಳಿಸಿಕೊಳ್ಳುವುದು ಅನಿವಾರ್ಯವಾಗಿದೆ. ಮೊದಲಿಗೆ, "ಹಲೋ, ಹಲೋ, ಮೈಕ್ ಟೆಸ್ಟಿಂಗ್." ಬಳಿಕ ಅಕ್ಕನವರ ದನಿ, ಮೈಕಿನ ಅವಶ್ಯಕತೆಯಿಲ್ಲದೆ: "ಬಂದ್ನಲ್ಲಪ್ಪ ನಮ್ಮ ತಂತಿ ಮಹಾರಾಜ! ಹತ್ತೇ ಸ್ಟೇಜು, ನಿನ್ ಮಾಮ ಬಂದ!" ಬಳಿಕ ಚಪ್ಪಾಳೆ. ಬಳಿಕ ಬೇಸ್.

ಕಪಾಟಿನ ಹಲಗೆಯಿಂದ ಮಾಡಿದ ಸದರಿ ವಾದ್ಯದ ಧ್ವನಿಯಲ್ಲಿ ಗುಂಯ್ ಎಂಬುದು ಲವಲೇಶವೂ ಇರುವುದಿಲ್ಲವೆಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ. ಧ್ವನಿಯು ಬೀದಿ ದಾಟಿ, ಗೋಡೆ ಹಾದು, ಕೆಳಸಹಿದಾರರ ಅಂಗಿಯ ಜೇಬನ್ನು ತಲುಪಿರುತ್ತದೆ. ಕೆಳಸಹಿದಾರರು ಮೊಬೈಲ್ ತೆಗೆದು ನೋಡಿರುವುದಿಲ್ಲ.

ಈ ಅವಧಿಯಲ್ಲಿ ಕಂಡುಬರುವ ಪಾದದ ಚಲನೆಯನ್ನು ಕರ್ತವ್ಯದ ಭಾಗವೆಂದೇ ಪರಿಗಣಿಸತಕ್ಕದ್ದು.

10. ಉಲ್ಲೇಖ 3ರ ಅರ್ಜಿಯ ತಿರಸ್ಕಾರವನ್ನು ರದ್ದುಪಡಿಸಿ, ರಜೆಯನ್ನು ಪೂರ್ವಾನ್ವಯವಾಗಿ ಮಂಜೂರು ಮಾಡಲಾಗಿದೆ. ಅರ್ಜಿಯಲ್ಲಿ 'ಅರ್ಧ ದಿನ' ಎಂದಿರುವಲ್ಲೆಲ್ಲ 'ಕೈ ದಣಿಯುವವರೆಗೆ' ಎಂದು ಓದಿಕೊಳ್ಳತಕ್ಕದ್ದು.

ಮೇಲಿನ ಸೂಚನೆಗಳನ್ನು ಪಾಲಿಸದವರ ಮೇಲೆ ಕ್ರಮ ಕೈಗೊಳ್ಳಲಾಗುವುದು. ಕ್ರಮವನ್ನು ಒಂದೇ ಕೈಯಲ್ಲಿ ಕೈಗೊಳ್ಳಬೇಕಾಗಿರುವುದರಿಂದ ವಿಳಂಬವಾಗಬಹುದು.

ಸಹಿ/-
ಶಾಖಾಧಿಕಾರಿ
(ಎಡಗೈ ಸಹಿ. ಬಲಗೈ ಕರ್ತವ್ಯದ ಮೇಲಿದೆ.)

ಪ್ರತಿಗಳು:

1. ಸಭಾಂಗಣದಲ್ಲಿರುವ ಹಿರಿಯ ಅಧಿಕಾರಿಗಳಿಗೆ: ಈಗಷ್ಟೇ ಜೇಬಿನಲ್ಲಿ ಅನುಭವಕ್ಕೆ ಬಂದದ್ದು ಕರೆಯಲ್ಲವೆಂಬ ಮಾಹಿತಿಗಾಗಿ. ಮೂರನೆಯ ಸ್ವರ ಬಂದರೂ ಕುಳಿತೇ ಇರಲು ಕೋರಿದೆ.

2. ನೆರೆಯ ಇಲಾಖೆಗೆ: ಕೆಂಪು ದೀಪ ಉರಿಯುತ್ತಿದೆ. ಕೊಠಡಿ ಬಳಕೆಯಲ್ಲಿದೆ, ಇಂದು ನಿಜಕ್ಕೂ ಬಳಕೆಯಲ್ಲಿದೆ.

3. ವಧುವಿಗೆ: ವೇದಿಕೆ ಹತ್ತಿದ್ದನ್ನು ದಾಖಲಿಸಿಕೊಳ್ಳಲಾಗಿದೆ. ಶುಭ ಕೋರಲಾಗಿದೆ.

4. ದುರಸ್ತಿಗಾರ್ತಿಯವರಿಗೆ: ಕಲಂ 3 ಅನ್ನು ಓದದೆ, ತಾಮ್ರದ ಟೇಪ್ ಮತ್ತು ಬೆಸುಗೆಯ ಕಡ್ಡಿಯೊಂದಿಗೆ ಬರಲು. ಕಡ್ಡಿಯನ್ನು ಬೆನ್ನ ಹಿಂದೆ ಹಿಡಿಯಬೇಕಾಗಿಲ್ಲ. ಊಟ ಮುಗಿಸಿಯೇ ಬರುವುದು.

5. ಕಿಟಕಿಯ ಕೆಳಗೆ ಹಾದುಹೋಗುವ ಸಾರ್ವಜನಿಕರಿಗೆ (ಒಂದೇ ಕೈಯಲ್ಲಿ ಮಡಚಿದ ಕಾಗದದ ವಿಮಾನದ ಮೂಲಕ): ಇದನ್ನು ಎತ್ತಿಕೊಂಡವರು ದಯವಿಟ್ಟು ಒಂದು ನಿಮಿಷ ಒಳಗೆ ಬರತಕ್ಕದ್ದು. ಕೆಳಸಹಿದಾರರಿಗೆ ಮೂಗು ಕೆರೆಯುತ್ತಿದೆ.